ಗಂಟೆ ಹೆಚ್ಚಾದರೆ ಕಿವಿ ಮಂದ

ನಮ್ಮ ಹಳ್ಳಿಯ ಶಾಲೆಗಳಲ್ಲಿ ಗಂಟೆ ಎಂದರೆ ಬಹಳ ಕಡೆ ಒಂದು ತುಂಡು ರೈಲುಕಂಬಿ. ಅದನ್ನು ಬೇವಿನ ಮರಕ್ಕೋ ಜಗಲಿಯ ತೊಲೆಗೋ ತಂತಿಯಲ್ಲಿ ಕಟ್ಟಿರುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಸಲ ಬಾರಿಸಿದರೆ ಹೆಚ್ಚು. ಲೆಕ್ಕದ ಪೆಟ್ಟಾದರೆ ಪೀರಿಯಡ್ಡು, ಉದ್ದಕ್ಕೆ ಬಾರಿಸಿದರೆ ಮನೆಗೆ. ಒಂದನೇ ತರಗತಿಯ ಮಗುವಿಗೂ ಅದರ ಅರ್ಥ ಗೊತ್ತು, ಕೇಳಿದ ಕೂಡಲೇ ಏನು ಮಾಡಬೇಕೆಂಬುದೂ ಗೊತ್ತು. ಉಳಿದ ಹೊತ್ತೆಲ್ಲ ಅದು ಸುಮ್ಮನೆ ನೇತಾಡುತ್ತಿರುತ್ತದೆ. ಆ ಸುಮ್ಮನಿರುವಿಕೆಯಿಂದಲೇ ಅದಕ್ಕೆ ಬೆಲೆ.

ಅದೇ ಗಂಟೆಯನ್ನು ಸೀಮೆಸುಣ್ಣ ಮುಗಿದಾಗ, ಹೆಡ್‌ಮಾಸ್ಟರಿಗೆ ಕಾಫಿ ಬಂದಾಗ, ಕಾಂಪೌಂಡಿನೊಳಗೆ ಹಸು ನುಗ್ಗಿದಾಗ, ಕೊನೆಗೆ ಯಾವ ಹಸುವೂ ನುಗ್ಗಿಲ್ಲವೆಂದು ತಿಳಿಸುವುದಕ್ಕೂ ಬಾರಿಸತೊಡಗಿದರೆ ಏನಾದೀತು? ಮೊದಲನೆಯ ವಾರ ಮಕ್ಕಳು ತಲೆಯೆತ್ತಿ ನೋಡಿಯಾರು. ಎರಡನೆಯ ವಾರ ಮೇಷ್ಟ್ರೂ ನೋಡುವುದಿಲ್ಲ. ಮೂರನೆಯ ವಾರ ಅಡುಗೆಮನೆಗೆ ಬೆಂಕಿ ಬಿದ್ದು ಬಾರಿಸಿದರೂ ಎಲ್ಲರೂ ಮಗ್ಗಿ ಬರೆಯುತ್ತಾ ಕುಳಿತಿರುತ್ತಾರೆ.

ಇದು ನಗೆಯ ಮಾತಾಗಿ ಕಾಣಬಹುದು. ಆದರೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಎಷ್ಟೋ ಎಂಜಿನಿಯರುಗಳು ಇಂಥದೇ ಗಂಟೆಯ ಕೆಳಗೆ ಬಾಳುತ್ತಿದ್ದಾರೆ. ನಮ್ಮ ಮಕ್ಕಳು ಅಲ್ಲಿಗೇ ಹೋಗಬೇಕೆಂದು ಆಸೆಪಡುವ ತಂದೆತಾಯಿಗಳು ಈ ಸಂಗತಿಯನ್ನೂ ಒಂದಿಷ್ಟು ತಿಳಿದಿರುವುದು ಒಳ್ಳೆಯದು.

ನನ್ನ ಅಣ್ಣನ ಮಗ ಅಂಥವನೊಬ್ಬ. ಅಂಗಡಿಯಲ್ಲಿ ನಾವು ಮೊಬೈಲಿನಿಂದ ಕೊಡುವ ಹಣ ಸರಿಯಾಗಿ ಸೇರಬೇಕಾದ ಕಡೆ ಸೇರುವಂತೆ ನೋಡಿಕೊಳ್ಳುವ ಕಂಪ್ಯೂಟರುಗಳ ಉಸ್ತುವಾರಿ ಅವನ ತಂಡದ್ದು. ಕಂಪ್ಯೂಟರುಗಳಿಗೆ ರಾತ್ರಿಯಿಲ್ಲ, ಭಾನುವಾರವಿಲ್ಲ. ಹಾಗಾಗಿ ತಂಡದ ಐದು ಜನ ವಾರಕ್ಕೊಬ್ಬರಂತೆ ಕಾವಲು ಕಾಯುತ್ತಾರೆ. ಇದಕ್ಕೆ ಅವರು ಆನ್‌ಕಾಲ್ ಎನ್ನುತ್ತಾರೆ. ಹಿಂದೆ ಊರಿನ ತಳವಾರ ರಾತ್ರಿ ಗಸ್ತು ತಿರುಗುತ್ತಿದ್ದನಲ್ಲ, ಹಾಗೆ. ವ್ಯತ್ಯಾಸವೆಂದರೆ ಇವರು ಮನೆಯಲ್ಲೇ ಮಲಗಿರುತ್ತಾರೆ. ಯಂತ್ರದಲ್ಲಿ ಏನಾದರೂ ಏರುಪೇರಾದರೆ ಮೊಬೈಲು ಕೂಗಿ ಎಬ್ಬಿಸುತ್ತದೆ.

ಒಂದು ಸಲ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋದವನು ಅವನ ಮನೆಯಲ್ಲೇ ಉಳಿದಿದ್ದೆ. ಅದು ಅವನ ಕಾವಲಿನ ವಾರ. ನಡುಮನೆಯಲ್ಲಿ ನಾವಿಬ್ಬರೂ ಮಲಗಿದ್ದೆವು. ಎಂಟು ತಿಂಗಳ ಮಗು ಬೆಚ್ಚಿ ಏಳುತ್ತದೆಂದು ಸೊಸೆ ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ಮಲಗುತ್ತಿದ್ದಳು. ಮೊದಲ ರಾತ್ರಿ ಹನ್ನೊಂದಕ್ಕೆ ಮೊಬೈಲು ಕೂಗಿತು. ಅವನು ಕಣ್ಣು ಪೂರ್ತಿ ತೆರೆಯದೆ ಹೆಬ್ಬೆರಳಿನಿಂದ ಅದರ ಬಾಯಿ ಮುಚ್ಚಿದ.

“ಏನೋ ಅದು?” ಎಂದೆ.

“ಏನಿಲ್ಲ ಚಿಕ್ಕಪ್ಪ, ಅಲರ್ಟು. ಅದರಷ್ಟಕ್ಕೆ ಅದೇ ಸರಿಹೋಗುತ್ತೆ.”

“ಅದರಷ್ಟಕ್ಕೆ ಸರಿಹೋಗೋದಾದರೆ ನಿನ್ನನ್ನ ಯಾಕೆ ಎಬ್ಬಿಸಿತು?”

ಉತ್ತರ ಬರಲಿಲ್ಲ. ಅಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು. ನನಗೆ ಹತ್ತಲಿಲ್ಲ. ಬೆಳಗಿನ ಐದು ಗಂಟೆಯವರೆಗೆ ಅದು 14 ಸಲ ಕೂಗಿತು. ಒಂದೇ ಒಂದು ಸಲ ಅವನು ಎದ್ದು ಕುಳಿತು ಲ್ಯಾಪ್‌ಟಾಪ್ ತೆರೆದ.

ಕೆಲವು ತಿಂಗಳ ಮೇಲೆ, ಗೌರಿಹಬ್ಬದ ಆಸುಪಾಸಿನಲ್ಲಿ, ಆಗಬೇಕಾದದ್ದು ಆಯಿತು. ಒಂದು ಶನಿವಾರ ರಾತ್ರಿ ಬಂದ ಹತ್ತಾರು ಕೂಗುಗಳ ನಡುವೆ ಒಂದು ನಿಜವಾದ ಕೂಗು ಇತ್ತು. ಒಂದು ಯಂತ್ರದಲ್ಲಿ ಮಾಹಿತಿ ತುಂಬುವ ಜಾಗ ಮುಗಿಯುತ್ತಾ ಬಂದಿತ್ತು. ಹೆಬ್ಬೆರಳು ಅದರ ಬಾಯನ್ನೂ ಮುಚ್ಚಿತು. ಸುಮಾರು ಎರಡು ಗಂಟೆ ಕಾಲ ಹಣದ ವಹಿವಾಟು ನಿಂತುಹೋಯಿತು. ಸೋಮವಾರ ಮೇಲಿನವರು ಕೇಳಿದ ಪ್ರಶ್ನೆ ಒಂದೇ: “ಅಲರ್ಟ್ ಬಂದಿತ್ತಲ್ಲ, ಯಾಕೆ ನೋಡಲಿಲ್ಲ?” ಹುಡುಗ ಕುಗ್ಗಿಹೋದ. ಕೆಲಸ ಬಿಡುತ್ತೇನೆಂದು ಹೊರಟ. ಅಣ್ಣ ನನಗೆ ಫೋನು ಮಾಡಿ, “ಮೈಮರೆತು ಮಲಗಿಬಿಟ್ಟನಂತೆ. ನಿನ್ನ ಮಾತು ಕೇಳ್ತಾನೆ, ಸ್ವಲ್ಪ ಬುದ್ಧಿ ಹೇಳು” ಎಂದ.

ನಾನು ವಿಜ್ಞಾನದ ಮೇಷ್ಟ್ರು. ಬುದ್ಧಿ ಹೇಳುವ ಮೊದಲು ಕಾರಣ ಹುಡುಕುವುದು ಅಭ್ಯಾಸ. ಆ ಹುಡುಗ ಮೈಮರೆತ ಎಂಬ ಮಾತನ್ನು ನಾನು ಒಪ್ಪಲಿಲ್ಲ.

ಮುಟ್ಟಿದರೆ ಮುನಿ ಹೇಳುವ ಪಾಠ

ಮುಟ್ಟಿದರೆ ಮುನಿ ಗಿಡ ನಿಮಗೆಲ್ಲ ಗೊತ್ತು. ಹದಿನೆಂಟನೇ ಶತಮಾನದಲ್ಲಿ ಹುಟ್ಟಿದ ದೆಫೊಂತೇನ್ ಎಂಬ ಫ್ರಾನ್ಸಿನ ಸಸ್ಯವಿಜ್ಞಾನಿ ಈ ಗಿಡದ ಕುಂಡಗಳನ್ನು ಕುದುರೆಗಾಡಿಯಲ್ಲಿಟ್ಟು ಪ್ಯಾರಿಸ್ ನಗರದ ಬೀದಿಗಳಲ್ಲಿ ಸುತ್ತಾಡಿಸಿದ. ಗಾಡಿ ಕುಲುಕಿದಾಗ ಎಲೆಗಳೆಲ್ಲ ಮುದುಡಿದವು. ಗಾಡಿ ನಿಲ್ಲಲಿಲ್ಲ, ಕುಲುಕಾಟವೂ ನಿಲ್ಲಲಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು.

ಗಿಡಕ್ಕೆ ದಣಿವಾಯಿತೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮೋನಿಕಾ ಗಾಲ್ಯಾನೊ ಎಂಬ ವಿಜ್ಞಾನಿಯೂ ಒಬ್ಬರು. 2014ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕುಂಡಗಳನ್ನು 15 ಸೆಂಟಿಮೀಟರ್ ಎತ್ತರದಿಂದ ಮೆತ್ತನೆಯ ತಳದ ಮೇಲೆ ಮತ್ತೆ ಮತ್ತೆ ಬೀಳಿಸಿದರು. ಕೆಲವು ಸಲ ಬಿದ್ದ ಮೇಲೆ ಗಿಡಗಳು ಮುದುಡುವುದನ್ನು ಬಿಟ್ಟವು. ಆಗ ಅವುಗಳನ್ನು ಬೇರೊಂದು ಬಗೆಯಲ್ಲಿ ಅಲುಗಿಸಿ ನೋಡಿದರೆ ತಕ್ಷಣ ಮುದುಡಿದವು! ಅಂದರೆ ಶಕ್ತಿ ಉಡುಗಿರಲಿಲ್ಲ. ಈ ಬೀಳುವಿಕೆಯಿಂದ ಅಪಾಯವಿಲ್ಲ ಎಂಬುದಕ್ಕೆ ಅವು ಹೊಂದಿಕೊಂಡಿದ್ದವು.

ಜೀವಿಗಳ ಈ ಗುಣಕ್ಕೆ ಒಗ್ಗಿಕೊಳ್ಳುವುದು ಎನ್ನೋಣ. ಇದು ರೋಗವಲ್ಲ, ವರ. ಹೊಸ ಗಡಿಯಾರದ ಟಿಕ್ ಟಿಕ್ ಎರಡು ದಿನಕ್ಕೆ ನಮಗೆ ಕೇಳಿಸದಾಗುವುದು, ಅಂಗಿಯ ಸ್ಪರ್ಶ ದಿನವಿಡೀ ನಮ್ಮನ್ನು ಕಾಡದಿರುವುದು ಇದರಿಂದಲೇ. ಆದರೆ ವರವೇ ಕೆಲವೊಮ್ಮೆ ಶಾಪ. ಎಂಜಿನಿಯರುಗಳು ಅಲರ್ಟ್ ಫಟೀಗ್, ಎಂದರೆ ಎಚ್ಚರಿಕೆಯ ದಣಿವು ಎನ್ನುತ್ತಾರಲ್ಲ, ಆ ಹೆಸರೇ ನನಗೆ ಅರ್ಧ ಸರಿಯೆನಿಸುತ್ತದೆ. ನಿದ್ದೆಗೆಟ್ಟ ದಣಿವು ಇದ್ದೇ ಇದೆ. ಅದಕ್ಕಿಂತ ಮುಖ್ಯವಾಗಿ ಅಲ್ಲಿ ಒಂದು ಪಾಠ ಕಲಿಕೆಯಾಗಿದೆ. ನೂರರಲ್ಲಿ 99 ಸಲ ಸುಳ್ಳು ಕೂಗುವ ಯಂತ್ರವು ತನ್ನ ಒಡೆಯನಿಗೆ ‘ನನ್ನನ್ನು ನಂಬಬೇಡ’ ಎಂದು 99 ಸಲ ಕಲಿಸಿರುತ್ತದೆ. ನೂರನೆಯ ಸಲ ಅವನು ಆ ಪಾಠವನ್ನು ಒಪ್ಪಿಸಿದರೆ ಸೋಮಾರಿ ಎನ್ನುವುದು ಯಾವ ನ್ಯಾಯ?

‘ಹುಲಿ ಬಂತು ಹುಲಿ’ ಕತೆಯಲ್ಲಿ ನಾವು ಬೈಯುವುದು ಕೂಗಿದ ಹುಡುಗನನ್ನು. ಇಲ್ಲಿ ಬೈಸಿಕೊಳ್ಳುವವರು ಓಡಿ ಬರದ ಊರಿನವರು!

ದೊಡ್ಡ ಗಂಟೆಗಳ ಕತೆ

ಈ ಸಂಕಟ ಕಂಪ್ಯೂಟರಿನವರಿಗೆ ಮಾತ್ರ ಬಂದದ್ದಲ್ಲ. 1979ರ ಮಾರ್ಚ್ 28ರ ನಸುಕಿನ ನಾಲ್ಕು ಗಂಟೆಗೆ ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಅವಘಡ ಮೊದಲಾಯಿತು. ಮೊದಲ ಕೆಲವೇ ನಿಮಿಷಗಳಲ್ಲಿ ನಿಯಂತ್ರಣ ಕೊಠಡಿಯಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಒಟ್ಟಿಗೆ ಕೂಗಿದವು, ಮಿನುಗಿದವು. ಮುಖ್ಯವಾದದ್ದನ್ನು ಮುಂದೆ ತಂದು ಉಳಿದದ್ದನ್ನು ಹಿಂದೆ ಸರಿಸುವ ಏರ್ಪಾಡು ಇರಲಿಲ್ಲ. ಎಚ್ಚರಿಕೆಗಳನ್ನು ಅಚ್ಚು ಹಾಕುತ್ತಿದ್ದ ಯಂತ್ರ ಗಂಟೆಗಟ್ಟಲೆ ಹಿಂದೆ ಬಿತ್ತು. ನಿಜವಾದ ತೊಂದರೆ ಒಂದು ಕವಾಟದ್ದು. ಅದು ತೆರೆದೇ ಉಳಿದು ನೀರು ಸೋರುತ್ತಿತ್ತು. ಫಲಕದ ಮೇಲಿದ್ದ ದೀಪವಾದರೋ ‘ಮುಚ್ಚು ಎಂದು ಆಜ್ಞೆ ಹೋಗಿದೆ’ ಎಂಬುದನ್ನಷ್ಟೇ ತೋರಿಸುತ್ತಿತ್ತು, ಮುಚ್ಚಿದೆಯೋ ಇಲ್ಲವೋ ಎಂಬುದನ್ನಲ್ಲ. ನೂರು ಗಂಟೆಗಳಿದ್ದವು, ಬೇಕಾಗಿದ್ದ ಒಂದು ಮಾತು ಇರಲಿಲ್ಲ.

1994ರ ಜುಲೈ 24ರಂದು ಬ್ರಿಟನ್ನಿನ ವೇಲ್ಸ್ ಸೀಮೆಯ ಮಿಲ್ಫರ್ಡ್ ಹೇವನ್‌ನಲ್ಲಿದ್ದ ಟೆಕ್ಸಾಕೊ ತೈಲ ಶುದ್ಧೀಕರಣ ಘಟಕದಲ್ಲಿ ಸಿಡಿಲುಮಳೆಯಿಂದ ಆದ ಏರುಪೇರು ಮಧ್ಯಾಹ್ನ ಸ್ಫೋಟದಲ್ಲಿ ಮುಗಿಯಿತು. ಸ್ಫೋಟಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಅಲ್ಲಿದ್ದ ಇಬ್ಬರು ನೌಕರರ ಮುಂದೆ ಬಂದ ಎಚ್ಚರಿಕೆಗಳು 275. ಲೆಕ್ಕ ಹಾಕಿ ನೋಡಿ, ಎರಡೂವರೆ ಸೆಕೆಂಡಿಗೊಂದು. ಒಂದನ್ನು ಓದಿ ಮುಗಿಸುವುದರೊಳಗೆ ಇನ್ನೊಂದು! ಬಹುಪಾಲು ಎಲ್ಲಕ್ಕೂ ‘ಅತಿ ಮುಖ್ಯ’ ಎಂಬ ಒಂದೇ ಹಣೆಪಟ್ಟಿ. ಎಲ್ಲ ಮಕ್ಕಳಿಗೂ ಮೊದಲ ರ‍್ಯಾಂಕ್ ಕೊಟ್ಟರೆ ಯಾರಿಗೂ ರ‍್ಯಾಂಕ್ ಕೊಟ್ಟಂತಾಗುವುದಿಲ್ಲ, ಅಲ್ಲವೆ? ಅದೃಷ್ಟಕ್ಕೆ ಅಂದು ಭಾನುವಾರವಾಗಿತ್ತು, ಯಾರೂ ಸಾಯಲಿಲ್ಲ. 1999ರಲ್ಲಿ ಬ್ರಿಟನ್ನಿನ ಕೈಗಾರಿಕೆಗಳವರು ಎಚ್ಚರಿಕೆಗಳ ಬಗ್ಗೆ ಒಂದು ಕೈಪಿಡಿಯನ್ನೇ ಹೊರತಂದರು. ಎಲ್ಲವೂ ಸರಾಗವಾಗಿರುವಾಗ ಒಬ್ಬ ನೌಕರನಿಗೆ ಸರಾಸರಿ 10 ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಎಚ್ಚರಿಕೆ ಬರಬಾರದು ಎಂಬುದು ಅದರ ಅಳತೆ.

ಆಸ್ಪತ್ರೆಗಳ ಕತೆಯೂ ಇದೇ. ಅಮೆರಿಕದ ಆಸ್ಪತ್ರೆಗಳ ಗುಣಮಟ್ಟ ನೋಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆ 2013ರಲ್ಲಿ ಕೊಟ್ಟ ಅಂದಾಜಿನಂತೆ ರೋಗಿಯ ಪಕ್ಕದ ಯಂತ್ರಗಳು ಕೂಗುವ ಕೂಗುಗಳಲ್ಲಿ ನೂರಕ್ಕೆ 85ರಿಂದ 99ರಷ್ಟಕ್ಕೆ ವೈದ್ಯರಾಗಲಿ ದಾದಿಯರಾಗಲಿ ಏನೂ ಮಾಡಬೇಕಾಗಿಯೇ ಇರುವುದಿಲ್ಲ.

ಇನ್ನು ಒಳ್ಳೆಯ ಗಂಟೆಯ ಕತೆಯೊಂದನ್ನು ಹೇಳುತ್ತೇನೆ. 1969ರ ಜುಲೈ 20. ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಚಂದ್ರನ ಮೇಲೆ ಇಳಿಯುತ್ತಿದ್ದಾರೆ. ನೌಕೆಯ ಪುಟ್ಟ ಕಂಪ್ಯೂಟರು ಇದ್ದಕ್ಕಿದ್ದಂತೆ 1202 ಎಂಬ ಎಚ್ಚರಿಕೆ ತೋರಿಸಿತು. ಇಳಿಯುವುದೋ, ಹಿಂದಿರುಗುವುದೋ? ಹ್ಯೂಸ್ಟನ್ನಿನಲ್ಲಿ ಆ ತೀರ್ಮಾನ ಹೇಳಬೇಕಾಗಿದ್ದವನು 26 ವರ್ಷದ ಸ್ಟೀವ್ ಬೇಲ್ಸ್. ಅವನ ಬೆನ್ನಿಗಿದ್ದವನು 24 ವರ್ಷದ ಜ್ಯಾಕ್ ಗಾರ್ಮನ್. ಅದೇ ಜುಲೈ ತಿಂಗಳ ಮೊದಲಲ್ಲಿ ನಡೆದ ತಾಲೀಮಿನಲ್ಲಿ ಇಂಥದೇ ಒಂದು ಎಚ್ಚರಿಕೆ ಬಂದು, ಅದರ ಅರ್ಥ ತಿಳಿಯದೆ, ಇಳಿಯಬಹುದಾಗಿದ್ದ ನೌಕೆಯನ್ನು ಹಿಂದಕ್ಕೆ ಕರೆದಿದ್ದರು. ಆಮೇಲೆ ಮೇಲಧಿಕಾರಿಗಳು ಎಲ್ಲ ಎಚ್ಚರಿಕೆಗಳಿಗೂ ಅರ್ಥ ಬರೆದಿಡಿ ಎಂದರು. ಗಾರ್ಮನ್ ಕೈಯಲ್ಲೇ ಪಟ್ಟಿ ಬರೆದು ಮೇಜಿನ ಮೇಲಿಟ್ಟುಕೊಂಡಿದ್ದ. 1202 ಎಂದರೆ ಕಂಪ್ಯೂಟರಿಗೆ ಕೆಲಸ ಹೆಚ್ಚಾಗಿದೆ, ಮುಖ್ಯವಲ್ಲದ್ದನ್ನು ಅದು ಕೈಬಿಟ್ಟು ಮುಖ್ಯವಾದದ್ದನ್ನು ನಡೆಸುತ್ತಿದೆ. ಪದೇ ಪದೇ ಬರದಿದ್ದರೆ ಮುಂದುವರಿಯಬಹುದು. ಕೆಲವೇ ಸೆಕೆಂಡುಗಳಲ್ಲಿ ಉತ್ತರ ಹೋಯಿತು, ನೌಕೆ ಇಳಿಯಿತು. ಒಂದು ಗಂಟೆ, ಅದಕ್ಕೊಂದು ಅರ್ಥ, ಆ ಅರ್ಥಕ್ಕೊಂದು ಕೆಲಸ. ಮೂರೂ ಮೊದಲೇ ಗೊತ್ತಾಗಿದ್ದರೆ ಗಂಟೆ ಮನುಷ್ಯನನ್ನು ಕಾಯುತ್ತದೆ.

ನಾಲ್ಕು ಕಾಲಮ್ಮಿನ ಪುಸ್ತಕ

ಅಣ್ಣನ ಮಗನಿಗೆ ನಾನು ಫೋನಿನಲ್ಲಿ ಈ ಗಿಡದ ಕತೆ, ಚಂದ್ರನ ಕತೆ ಹೇಳಿದೆ. ಅವನಿಗೆ ಸಮಾಧಾನವಾಯಿತೇ ಹೊರತು ಮೊಬೈಲು ಸುಮ್ಮನಾಗಬೇಕಲ್ಲ! ಆ ದಾರಿ ತೋರಿಸಿದವರು ಅವನ ತಂಡದ ಹಿರಿಯ ಎಂಜಿನಿಯರು, ಒಬ್ಬ ಹೆಣ್ಣುಮಗಳು. ಎರಡು ವಾರ ಬರುವ ಪ್ರತಿಯೊಂದು ಕೂಗನ್ನೂ ಬರೆದಿಡೋಣ ಎಂದರಂತೆ. ನಾಲ್ಕು ಕಾಲಂ: ಎಷ್ಟು ಹೊತ್ತಿಗೆ ಬಂತು, ಏನೆಂದು ಬಂತು, ನಿಜವೋ ಸುಳ್ಳೋ, ನೀನು ಏನು ಮಾಡಿದೆ. ನಮ್ಮ ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕವೇ ಸೈ. ಎರಡು ವಾರದ ಕೊನೆಗೆ ನೋಡಿದರೆ ನಾಲ್ಕನೆಯ ಕಾಲಮ್ಮಿನಲ್ಲಿ ಸಾಲುಸಾಲಾಗಿ ಒಂದೇ ಮಾತು: ‘ಏನೂ ಮಾಡಲಿಲ್ಲ’.

ಆ ಪುಸ್ತಕವನ್ನು ಮುಂದಿಟ್ಟುಕೊಂಡು ತಂಡದವರು ಗಂಟೆಗಳನ್ನು ಮೂರು ರಾಶಿ ಮಾಡಿದರು. ಮನುಷ್ಯ ಈಗಲೇ ಎದ್ದು ಕೈಹಾಕಲೇಬೇಕಾದವು ಒಂದು ರಾಶಿ. ಬೆಳಿಗ್ಗೆ ಕಚೇರಿಗೆ ಬಂದು ನೋಡಿದರೆ ಸಾಕಾದವು ಎರಡನೆಯದು. ಯಾರೂ ಎಂದೂ ಏನೂ ಮಾಡದವು ಮೂರನೆಯದು. ಮೂರನೆಯ ರಾಶಿಯನ್ನು ಅಳಿಸಿಬಿಟ್ಟರು. ಎರಡನೆಯದು ಬೆಳಗಿನ ಒಂದು ಪಟ್ಟಿಯಾಗಿ ಬರುವಂತೆ ಮಾಡಿದರು. ಮೊದಲನೆಯ ರಾಶಿ ಮಾತ್ರ ಕೂಗುವ ಹಕ್ಕು ಉಳಿಸಿಕೊಂಡಿತು. ಅದರಲ್ಲೂ ಒಂದೊಂದಕ್ಕೂ ‘ಇದು ಕೂಗಿದರೆ ಹೀಗೆ ಮಾಡು’ ಎಂದು ಅರ್ಧ ಪುಟದ ಟಿಪ್ಪಣಿ. ಟಿಪ್ಪಣಿ ಬರೆಯಲಾಗದ ಗಂಟೆಗೆ ಕೂಗುವ ಹಕ್ಕಿಲ್ಲ! ಒಂದು ಯಂತ್ರ ಕೆಟ್ಟರೆ ಅದನ್ನು ನಂಬಿದ ಐವತ್ತು ಯಂತ್ರಗಳು ಒಟ್ಟಿಗೆ ಕೂಗುತ್ತಿದ್ದವಂತೆ. ಅವನ್ನೂ ಕಟ್ಟಿ ಒಂದೇ ಕೂಗಾಗಿಸಿದರು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಲೆಕ್ಕ. ಯಂತ್ರದ ಜಾಗ ನೂರಕ್ಕೆ 80 ತುಂಬಿದರೆ ಕೂಗು ಎಂಬುದು ಹಳೆಯ ನಿಯಮ. ಒಂದು ಯಂತ್ರ ಒಂದು ವರ್ಷದಿಂದ 82ರಲ್ಲೇ ನಿಂತಿದೆ. ಅದರಿಂದ ಅಪಾಯವಿಲ್ಲ, ಆದರೆ ದಿನವೂ ಕೂಗುತ್ತದೆ. ಇನ್ನೊಂದು ಈಗ 40ರಲ್ಲಿದೆ, ಆದರೆ ಗಂಟೆಗೆ 10ರಂತೆ ಏರುತ್ತಿದೆ. ಉಳಿದದ್ದು 60, ಆರು ಗಂಟೆಯಲ್ಲಿ ತುಂಬಿ ಹೋಗುತ್ತದೆ. ಅದು ಮಾತ್ರ ಸುಮ್ಮನಿದೆ. ತೊಟ್ಟಿಯಲ್ಲಿ ನೀರು ಎಷ್ಟಿದೆ ಎಂಬುದಕ್ಕಿಂತ ಎಷ್ಟು ಬೇಗ ಏರುತ್ತಿದೆ ಎಂಬುದು ಮುಖ್ಯ. ನಲ್ಲಿ, ತೊಟ್ಟಿಯ ಲೆಕ್ಕ ಯಾಕೆ ಕಲಿಯಬೇಕು ಸಾರ್ ಎಂದು ಕೇಳುವ ಮಕ್ಕಳಿಗೆ ನಾನು ಈಗ ಈ ಉದಾಹರಣೆ ಕೊಡುತ್ತೇನೆ. ಆ ಶನಿವಾರ ರಾತ್ರಿಯ ಕೂಗು 80 ದಾಟಿದ ಮೇಲೆ ಬಂದು, 82ರಲ್ಲೇ ನಿಂತ ಯಂತ್ರಗಳ ದಿನನಿತ್ಯದ ಗದ್ದಲದಲ್ಲಿ ಮುಳುಗಿಹೋಗಿತ್ತು.

ಹಗಲಿನ ಕಾಟಕ್ಕೂ ಅವರು ಒಂದು ಕಟ್ಟು ಮಾಡಿಕೊಂಡರು. ಕಚೇರಿಯಲ್ಲಿ ಪ್ರತಿ ಐದು ನಿಮಿಷಕ್ಕೊಂದು ಸಂದೇಶ, ‘ಒಂದು ನಿಮಿಷ’ ಎಂದು ಬರುವ ಪ್ರಶ್ನೆ. ಕಷ್ಟದ ಲೆಕ್ಕ ಮಾಡುವಾಗ ನಡುವೆ ಯಾರಾದರೂ ಮಾತನಾಡಿಸಿದರೆ ಮತ್ತೆ ಮೊದಲಿನಿಂದ ಓದಬೇಕಾಗುವುದಿಲ್ಲವೆ? ಈಗ ದಿನಕ್ಕೊಬ್ಬರು ಬಾಗಿಲು ಕಾಯುತ್ತಾರೆ. ಹೊರಗಿನ ಪ್ರಶ್ನೆಗಳೆಲ್ಲ ಅವರಿಗೆ. ಉಳಿದ ನಾಲ್ವರಿಗೆ ತಲೆ ತಗ್ಗಿಸಿ ಕೆಲಸ ಮಾಡುವ ನೆಮ್ಮದಿ.

ದೊಡ್ಡ ಕಂಪನಿಗಳೂ ಇದನ್ನು ಒಪ್ಪಿವೆ. ಗೂಗಲ್ ಎಂಜಿನಿಯರುಗಳು 2016ರಲ್ಲಿ ಹೊರತಂದ ‘ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್’ ಎಂಬ ಪುಸ್ತಕದಲ್ಲಿ 12 ಗಂಟೆಯ ಕಾವಲಿನಲ್ಲಿ ಎರಡಕ್ಕಿಂತ ಹೆಚ್ಚು ಅವಘಡಗಳನ್ನು ಒಬ್ಬರ ತಲೆಗೆ ಕಟ್ಟಬಾರದೆಂಬ ಲೆಕ್ಕವಿದೆ. ಒಂದೊಂದನ್ನು ಸರಿಪಡಿಸಿ, ಕಾರಣ ಹುಡುಕಿ, ಬರೆದಿಡುವುದಕ್ಕೆ ಅಷ್ಟು ಹೊತ್ತು ಬೇಕೇ ಬೇಕು.

ಇಷ್ಟು ಸುಲಭವಾಗಿದ್ದರೆ ಮೊದಲೇ ಯಾಕೆ ಮಾಡಲಿಲ್ಲ? ಇದನ್ನು ಅವನನ್ನೇ ಕೇಳಿದೆ. “ಗಂಟೆ ಕಟ್ಟೋಕೆ ಎಲ್ಲರಿಗೂ ಧೈರ್ಯ ಇದೆ ಚಿಕ್ಕಪ್ಪ, ಬಿಚ್ಚೋಕೆ ಯಾರಿಗೂ ಇಲ್ಲ” ಎಂದ. ಎಂಥ ಮಾತು! ಪ್ರತಿ ಅವಘಡದ ನಂತರವೂ ಯಾರಾದರೂ ಒಬ್ಬರು ಒಂದು ಗಂಟೆ ಕಟ್ಟುತ್ತಾರೆ. ಕಟ್ಟಿದವರಿಗೆ ನಿರಾಳ. ನಾಳೆ ಏನಾದರೂ ಆದರೆ ‘ನಾನು ಎಚ್ಚರಿಸಿದ್ದೆನಲ್ಲ’ ಎನ್ನಬಹುದು. ಆ ನಿರಾಳಕ್ಕೆ ಬೆಲೆ ತೆರುವವನು ರಾತ್ರಿ ಎದ್ದು ಕೂರುವ ಬೇರೊಬ್ಬ. ಗಂಟೆ ಬಿಚ್ಚಿದ ಮಾರನೆಯ ದಿನವೇ ಅಪಾಯ ಬಂದರೆ ಎಂಬ ಭಯ ಸುಳ್ಳೇನಲ್ಲ. ಅದಕ್ಕೇ ಅವರು ಊಹೆಯಿಂದ ಬಿಚ್ಚಲಿಲ್ಲ, ಪುಸ್ತಕ ನೋಡಿ ಬಿಚ್ಚಿದರು. ಈಗಲೂ ಮೂರು ತಿಂಗಳಿಗೊಮ್ಮೆ ಕುಳಿತು ಪುಸ್ತಕ ತಿರುವುತ್ತಾರಂತೆ. ಬಿಚ್ಚಿದ್ದರಲ್ಲಿ ಒಂದನ್ನು ಮತ್ತೆ ಕಟ್ಟಿದ್ದೂ ಉಂಟು. ಹುಡುಗ ಕೆಲಸ ಬಿಡಲಿಲ್ಲ.

ತಂದೆತಾಯಿಗಳೇ, ಈಗ ನಿಮ್ಮ ಮನೆಯ ಮಾತಿಗೆ ಬರೋಣ. ‘ಓದೋ’, ‘ಟೀವಿ ಆರಿಸು’, ‘ಪಕ್ಕದ ಮನೆ ಹುಡುಗನ್ನ ನೋಡು’, ‘ಪರೀಕ್ಷೆ ಹತ್ತಿರ ಬಂತು’ ಎಂದು ಬೆಳಗಿನಿಂದ ರಾತ್ರಿಯವರೆಗೆ ಒಂದೇ ದನಿಯಲ್ಲಿ ಕೂಗುತ್ತಿದ್ದರೆ ಮಗು ಕಲಿಯುವ ಪಾಠ ಒಂದೇ: ಇದಕ್ಕೆ ಏನೂ ಮಾಡಬೇಕಾಗಿಲ್ಲ. ನಾಳೆ ‘ಆ ಬಾವಿಯ ಹತ್ತಿರ ಹೋಗಬೇಡ’ ಎಂದು ಕೂಗಿದರೂ ಅದೇ ಕಿವಿಗೆ ಅದೇ ದನಿ. ಪೋಷಕರ ಸಭೆಯಲ್ಲಿ ‘ಎಷ್ಟು ಸಲ ಹೇಳಿದರೂ ಕೇಳಲ್ಲ ಸಾರ್’ ಎನ್ನುವವರಿಗೆ ನಾನು ಹೇಳುವುದಿಷ್ಟೆ: ಎಷ್ಟು ಸಲ ಹೇಳುತ್ತೀರಿ ಎಂಬುದನ್ನು ಒಂದು ವಾರ ಬರೆದಿಡಿ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮನೆಗೆಲಸ. ನಿಮ್ಮ ಮನೆಯ ಮೊಬೈಲು ಒಂದು ದಿನಕ್ಕೆ ಎಷ್ಟು ಸಲ ಕೂಗುತ್ತದೆ, ಯಾವುದಕ್ಕೆ ಕೂಗುತ್ತದೆ ಎಂದು ನಾಲ್ಕು ಕಾಲಂ ಹಾಕಿ ಬರೆಯಿರಿ. ಸಂಜೆ ಅಪ್ಪ ಅಮ್ಮನ ಜೊತೆ ಕುಳಿತು ನಾಲ್ಕನೆಯ ಕಾಲಂ ನೋಡಿ. ‘ಏನೂ ಮಾಡಲಿಲ್ಲ’ ಎಂದಿರುವವುಗಳ ಬಾಯಿ ಮುಚ್ಚಿಸಿ. ಆದರೆ ಅಜ್ಜಿಯ ಫೋನು ಬಂದರೆ ಮಾತ್ರ ಕೂಗಲಿ. ಅದು ಕೂಗಿದಾಗ ಎದ್ದು ಹೋಗಿ ಮಾತನಾಡಿ.